ತಂತಿ ಕೂಡಿದರೆ ಧ್ವನಿ ಕೂಡುವುದೇ?

ನಮಗೆ ಪರಿಚಿತರಾದ ಇಬ್ಬರು ತರುಣರಿದ್ದಾರೆ. ಒಬ್ಬನು ಹೋಟೆಲಿನ ಗಲ್ಲಾದಲ್ಲಿ ಕುಳಿತುಕೊಳ್ಳುವವನು, ಇನ್ನೊಬ್ಬನು ಗುಮಾಸ್ತ. ಭಜನೆ, ತಾಳಮದ್ದಲೆಗಳನ್ನು ಮುದ್ರಿಸಲು ಸಣ್ಣದೊಂದು ಸ್ಟುಡಿಯೋ ತೆರೆಯುವ ಆಸೆಯಿಂದ ಅವರು ಮೂರು ವರ್ಷ ಕೂಡಿಟ್ಟ ಹಣವನ್ನು ಎರಡು ಯಂತ್ರಗಳಿಗೆ ಸುರಿದರು. ನಡುವೆ ನೆಟ್‌ವರ್ಕ್ ತಂತಿಯನ್ನು ಸಿಕ್ಕಿಸಿದರು. ದೀಪಗಳು ಮಿನುಗಿದುವು, ಧ್ವನಿ ಮಾತ್ರ ಹೊರಡಲಿಲ್ಲ. ಯಂತ್ರಗಳಲ್ಲಿ ದೋಷವಿರಲಿಲ್ಲ. ಒಂದು ‘ಡಾಂಟೆ’ ಪದ್ಧತಿಯದು, ಇನ್ನೊಂದು ‘ಎವಿಬಿ’ ಪದ್ಧತಿಯದು. ಇಂತಹ ನಷ್ಟವು ನಮ್ಮ ವಾಚಕರಲ್ಲಿ ಮತ್ತೊಬ್ಬರಿಗೆ ಒದಗದಿರಲೆಂದು ಈ ನಾಲ್ಕು ಮಾತು.

ಹಾಡುವ ಕೋಣೆಯಿಂದ ಮುದ್ರಣದ ಕೋಣೆಗೆ ಮೈಕಿಗೊಂದರಂತೆ ತಂತಿಯೆಳೆಯುವುದು ಹಳೆಯ ಕ್ರಮ. ಹೊಸ ಕ್ರಮದಲ್ಲಿ ಧ್ವನಿಯನ್ನು ಸೆಕೆಂಡಿಗೆ ಸಾಮಾನ್ಯವಾಗಿ 48,000 ಸಲ ಅಳೆದು, ಅಂಕಿಗಳನ್ನಾಗಿಸಿ, ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ, ಕಚೇರಿಯ ಕಂಪ್ಯೂಟರುಗಳನ್ನು ಜೋಡಿಸುವ ಈಥರ್‌ನೆಟ್ ತಂತಿಯಲ್ಲಿಯೇ ಕಳುಹುತ್ತಾರೆ. ಗಿಗಾಬಿಟ್ ವೇಗದ ಒಂದೇ ತಂತಿಯಲ್ಲಿ ನೂರಾರು ಧ್ವನಿಗಳು ಏಕಕಾಲಕ್ಕೆ ಸಾಗಬಲ್ಲವು. ತಂತಿಯ ಒಂದು ತುಂಡು 100 ಮೀಟರಿನವರೆಗೆ ಇರಬಹುದು.

ಆದರೆ ತಂತಿಯು ಕೇವಲ ದಾರಿ, ಭಾಷೆ ಬೇರೆ. ಮಾಣಿಯು ಕನ್ನಡದಲ್ಲಿ ಕೂಗಿ, ಒಳಗಿನ ಅಡಿಗೆಯವನು ಬಂಗಾಳಿಯನ್ನಷ್ಟೇ ಬಲ್ಲವನಾದರೆ, ಬಾಗಿಲು ಒಂದೇ ಆದರೂ ದೋಸೆ ಹೊರಬರುವುದಿಲ್ಲವಷ್ಟೆ. ಡಾಂಟೆಯು ಸಿಡ್ನಿಯಲ್ಲಿ 2006ರಲ್ಲಿ ಸ್ಥಾಪಿತವಾದ ಆಡಿನೇಟ್ ಸಂಸ್ಥೆಯದು. ಸಾಮಾನ್ಯ ಗಿಗಾಬಿಟ್ ಸ್ವಿಚ್ಚಿನಲ್ಲಿ ನಡೆಯುತ್ತದೆ. ಎವಿಬಿಗೆ ಅದನ್ನು ಬಲ್ಲ ಸ್ವಿಚ್ಚೇ ಬೇಕು. ರಾವೆನ್ನಾ ಜರ್ಮನಿಯಲ್ಲಿ ಹುಟ್ಟಿದುದು. ಇಂತಹ ಪದ್ಧತಿಗಳಿಗೆ ಸೇತುವೆಯಾಗಲೆಂದು ಆಡಿಯೋ ಇಂಜಿನಿಯರಿಂಗ್ ಸೊಸೈಟಿಯು 2013ರಲ್ಲಿ ‘ಎಇಎಸ್67’ ಎಂಬ ಮಾನಕವನ್ನು ಪ್ರಕಟಿಸಿತು. ರಾವೆನ್ನಾ ಅದರೊಡನೆ ಹೊಂದುತ್ತದೆ. ಡಾಂಟೆಯ ಅನೇಕ ಯಂತ್ರಗಳೂ ಅದನ್ನು ಬಲ್ಲವು, ಎಲ್ಲವೂ ಅಲ್ಲ. ಬಲ್ಲವುಗಳಲ್ಲಿಯೂ ಆ ಸೌಲಭ್ಯವನ್ನು ನಾವೇ ತೆರೆಯಬೇಕು, ಅಳತೆಯು 48,000 ಇರಬೇಕು. ನಮ್ಮ ತರುಣರಿಗೆ ಆ ಸೇತುವೆಯೂ ಒದಗಲಿಲ್ಲ; ಎವಿಬಿಯು ಅದರ ಹೊರಗಿನದು.

ಭಾಷೆ ಕೂಡಿದ ಮೇಲೆ ತಾಳ ಕೂಡಬೇಕು. ಭಜನೆಯಲ್ಲಿ ಇಬ್ಬರು ತಮತಮಗೆ ತೋರಿದಂತೆ ತಾಳ ಹಾಕಿದರೆ ಹಾಡು ಕೆಡುವುದು. ಅಂತೆಯೇ ಜಾಲದಲ್ಲಿ ಒಂದು ಯಂತ್ರದ ಗಡಿಯಾರವನ್ನೇ ಉಳಿದವು ಅನುಸರಿಸಬೇಕು. ಇಲ್ಲವಾದರೆ ಮುದ್ರಣದಲ್ಲಿ ಚಟಚಟ ಸದ್ದು ಸೇರುತ್ತದೆ. ಎಲ್ಲ ಯಂತ್ರಗಳ ಅಳತೆಯೂ ಒಂದೇ ಇರಬೇಕು. ಸ್ವಿಚ್ಚಿನಲ್ಲಿ ವಿದ್ಯುತ್ ಉಳಿಸುವ ‘ಈಇಇ’ ಎಂಬ ವ್ಯವಸ್ಥೆಯಿದ್ದರೆ ಅದನ್ನು ಮುಚ್ಚಬೇಕು. ಅದು ಈ ಗಡಿಯಾರವನ್ನೇ ತೊಡಕಿಗೆ ಸಿಕ್ಕಿಸುತ್ತದೆ. ತಂತಿಯ ಖರ್ಚು ಉಳಿಸಲು ವೈಫೈಯನ್ನು ನಂಬತಕ್ಕದ್ದಲ್ಲ.

ಡಾಂಟೆಯವರಿಗೆ ‘ಡಾಂಟೆ ಕಂಟ್ರೋಲರ್’ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಲೆಕ್ಕದ ಪುಸ್ತಕದಂತೆ ಮೇಲೆ ಕಳುಹುವವರ, ಪಕ್ಕದಲ್ಲಿ ಪಡೆಯುವವರ ಹೆಸರುಗಳಿರುತ್ತವೆ. ಕೂಡುವ ಮನೆಯಲ್ಲಿ ಗುರುತು ಹಾಕಿದರೆ ಧ್ವನಿ ಹರಿಯುತ್ತದೆ.

ಆದುದರಿಂದ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿರಿ: ಯಾವ ಪದ್ಧತಿ? ಎಇಎಸ್67 ಉಂಟೇ? ನಮ್ಮ ಸ್ವಿಚ್ಚು ಸಲ್ಲುವುದೇ? ಇವಕ್ಕಿಂತ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿರಿ: ಈ ಜಾಲ ನಮಗೆ ಬೇಕೇ? ಒಂದೇ ಕೋಣೆ, ಒಂದೆರಡು ಮೈಕು ಇರುವಲ್ಲಿ ಯುಎಸ್‌ಬಿಯಿಂದ ಕಂಪ್ಯೂಟರಿಗೆ ಸೇರುವ ಸಣ್ಣ ಪೆಟ್ಟಿಗೆಯೊಂದೇ ಸಾಕು. ನಮ್ಮ ತರುಣರು ಒಂದು ಯಂತ್ರವನ್ನು ನಷ್ಟಕ್ಕೆ ಮಾರಿದ ಮೇಲೆ ಇದನ್ನರಿತರು. ಬೆವರಿನ ಹಣವುಳ್ಳವರು ಮೊದಲೇ ಅರಿಯುವುದು ಲೇಸು.