ಹೆಸರಿಲ್ಲದ ಬಂಡಿಯ ಗುಣ

ಕುಲದಿಂದ ಗುಣವನ್ನಳೆಯುವುದು ಮನುಷ್ಯನ ಹಳೆಯ ದೋಷವು. ಮೋಟಾರು ಬಂಡಿಗಳ ವಿಷಯದಲ್ಲಿಯೂ ಅದು ತಪ್ಪಿದ್ದಲ್ಲ. ಚೆಕ್ ದೇಶದ ಸ್ಕೋಡಾ ಎಂದರೆ ಒಂದು ಕಾಲದಲ್ಲಿ ಇಂಗ್ಲೆಂಡಿನ ಜನರು ನಗುತ್ತಿದ್ದರು. 1991ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು ಅದರಲ್ಲಿ ಪಾಲುಗೊಂಡ ಮೇಲೆ ಸ್ಥಿತಿಯು ಕ್ರಮೇಣ ಬದಲಾಯಿತು. 2003ರಲ್ಲಿ ಅಲ್ಲಿ ಮಾರಾಟಕ್ಕೆ ಬಂದ ಫಾಬಿಯಾ ವಿ.ಆರ್.ಎಸ್. ಎಂಬ ಪುಟ್ಟ ಕಾರಿಗೆ 1.9 ಲೀಟರಿನ ಡೀಸೆಲ್ ಯಂತ್ರ, 130 ಅಶ್ವಶಕ್ತಿ. ಟರ್ಬೋ ಒತ್ತಿ ತುಂಬುವ ಗಾಳಿಯ ಬಲದಿಂದ ಅದು 10 ಸೆಕೆಂಡಿನೊಳಗೆ ಗಂಟೆಗೆ 100 ಕಿಲೋಮೀಟರಿನ ವೇಗವನ್ನು ಪಡೆಯುವುದು. ಆದರೂ ಲೀಟರಿಗೆ ಸುಮಾರು 18 ಕಿಲೋಮೀಟರು ಓಡುವುದು.

ಆದರೆ ವಾಚಕರೇ, ಹೊಗೆಯ ಲೆಕ್ಕವನ್ನು ಮರೆಯಲಾಗದು. 2023ರಿಂದ ಲಂಡನ್ ನಗರದಾದ್ಯಂತ ಇಂತಹ ಹಳೆಯ ಡೀಸೆಲ್ ಬಂಡಿಯನ್ನು ನಡೆಸಿದ ದಿನಕ್ಕೆ 12.50 ಪೌಂಡುಗಳ ಸುಂಕವುಂಟು. ಎಣ್ಣೆಯಲ್ಲಿ ಉಳಿದ ಹಣವು ಸುಂಕದಲ್ಲಿ ಹೋಗುವುದು. ಆದುದರಿಂದ ಗೃಹಸ್ಥನು ಹೆಸರಿಗಿಂತ ಗುಣವನ್ನು ನೋಡಬೇಕು. ಗುಣದೊಡನೆ ತಾನಿರುವ ಊರನ್ನೂ ನೋಡಬೇಕು.