ಬೈಕಿನ ಕಿಡಿ ದೋಣಿಗೆ ಹೊಂದೀತೆ?

ವಿಜಯಪುರ ಜಿಲ್ಲೆಗೆ ಕಡಲಿಲ್ಲ. ಆದರೂ ದೋಣಿಯ ಮೋಟಾರು ಇಲ್ಲಿಯವರಿಗೆ ಅಪರಿಚಿತವಲ್ಲ. ಲಚ್ಯಾಣ ಇರುವ ಇಂಡಿ ತಾಲ್ಲೂಕಿಗೆ ಭೀಮೆಯ ಮಹಾಪೂರ ಗೊತ್ತಿದ್ದದ್ದೇ. 2020ರ ಅಕ್ಟೋಬರ್‌ನಲ್ಲಿ ನದಿ ಉಕ್ಕಿ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದಾಗ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಅಂಥ ದೋಣಿಗಳ ಹಿಂಬದಿಗೆ ಸಿಕ್ಕಿಸುವ ಎಂಜಿನ್ನಿಗೆ ಔಟ್‌ಬೋರ್ಡ್ ಮೋಟಾರು ಎಂದು ಹೆಸರು. ರಸ್ತೆಯಲ್ಲಿ ಬೈಕು ನಿಂತರೆ ಇಳಿದು ತಳ್ಳಬಹುದು. ನಡುಹೊಳೆಯಲ್ಲಿ ಮೋಟಾರು ನಿಂತರೆ ಜೀವಕ್ಕೇ ಸಂಚಕಾರ.

ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ 1909ರಲ್ಲಿ ಇಂಥ ಮೋಟಾರನ್ನು ಮಾರುಕಟ್ಟೆಗೆ ತಂದ. ಅವನ ಹೆಸರಿನ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತಿತು. ಹಳೆಯ ಮೋಟಾರು ಗಟ್ಟಿಯಾಗಿದ್ದರೂ ಬಿಡಿಭಾಗ ಸಿಗದಾದಾಗ ಮಾಲೀಕರ ಕಣ್ಣು ಮೋಟಾರ್‌ಸೈಕಲ್ ಅಂಗಡಿಯತ್ತ ಹೊರಳುವುದು ಸಹಜ. ಅಲ್ಲಿ ಸಿಗುವ ಇಲೆಕ್ಟ್ರಾನಿಕ್ ಕಿಡಿ ಸಾಧನ ಹಳೆಯ ದೋಣಿ ಮೋಟಾರಿಗೆ ಹೊಂದೀತೆ?

ಮೊದಲು ಕಿಡಿ ಹುಟ್ಟುವ ಬಗೆಯನ್ನು ನೋಡೋಣ. ಪ್ಲಗ್ಗಿನ ತುದಿಯ ಸಣ್ಣ ಸಂದಿಯನ್ನು ವಿದ್ಯುತ್ತು ಹಾರಿ ದಾಟಲು ಸಾವಿರಾರು ವೋಲ್ಟ್ ಬೇಕು. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇದಕ್ಕೆ ಆಧಾರ. ಹಳೆಯ ಮೋಟಾರಿನ ತಿರುಗುಚಕ್ರದಲ್ಲಿ ಅಯಸ್ಕಾಂತಗಳಿವೆ. ಅವು ತಂತಿ ಸುರುಳಿಯ ಪಕ್ಕ ಹಾದುಹೋದಾಗ ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಸರಿಯಾದ ಕ್ಷಣಕ್ಕೆ ‘ಪಾಯಿಂಟ್’ ಎಂಬ ಪುಟ್ಟ ಸ್ವಿಚ್ಚು ತೆರೆದುಕೊಂಡು ಆ ಹರಿವನ್ನು ಥಟ್ಟನೆ ಕಡಿಯುತ್ತದೆ. ಕಾಂತಕ್ಷೇತ್ರ ಕುಸಿಯುತ್ತದೆ, ಹೆಚ್ಚು ಸುತ್ತುಗಳಿರುವ ಇನ್ನೊಂದು ಸುರುಳಿಯಲ್ಲಿ ಭಾರಿ ವೋಲ್ಟೇಜು ಚಿಮ್ಮುತ್ತದೆ.

ತೊಂದರೆಯಿರುವುದು ಈ ಪಾಯಿಂಟಿನಲ್ಲೇ. ನಿಮಿಷಕ್ಕೆ 5,000 ಸುತ್ತು ತಿರುಗುವ ಎರಡು ಸ್ಟ್ರೋಕಿನ ಮೋಟಾರಿನಲ್ಲಿ ಅದು ಗಂಟೆಗೆ 3 ಲಕ್ಷ ಸಲ ತೆರೆದು ಮುಚ್ಚಬೇಕು. ಕ್ರಮೇಣ ಸವೆಯುತ್ತದೆ, ಸುಡುತ್ತದೆ, ತೇವಕ್ಕೆ ಕಿಲುಬು ಹಿಡಿಯುತ್ತದೆ. ಹಳೆಯ ಲೂನಾ ಓಡಿಸಿದ ಹಿರಿಯರನ್ನು ಕೇಳಿ. ಪಾಯಿಂಟ್ ಉಜ್ಜಿದ ಕತೆ ಹೇಳಿಯಾರು.

ಬೈಕುಗಳ ಸಿ.ಡಿ.ಐ. ಪೆಟ್ಟಿಗೆಯಲ್ಲಿ ಪಾಯಿಂಟಿಲ್ಲ. ಒಂದು ಕೆಪಾಸಿಟರ್ ಸುಮಾರು 300 ವೋಲ್ಟಿಗೆ ವಿದ್ಯುತ್ತನ್ನು ತುಂಬಿಟ್ಟುಕೊಂಡು, ಸಂಕೇತ ಬಂದೊಡನೆ ಸುರುಳಿಗೆ ಸುರಿಯುತ್ತದೆ. ಪಿ.ಯು.ಸಿ. ವಿದ್ಯಾರ್ಥಿಗಳು ½CV² ಸೂತ್ರ ಹಾಕಿ ನೋಡಬಹುದು: ಧಾರಣೆ 1 ಮೈಕ್ರೊಫ್ಯಾರಡ್ ಆದರೆ ಶಕ್ತಿ 0.045 ಜೌಲ್. ಅಲ್ಪವೇ ನಿಜ, ಆದರೆ ಅದು ಬಲು ವೇಗವಾಗಿ ಬರುವುದರಿಂದ ಮಸಿ ಹಿಡಿದ ಪ್ಲಗ್ಗಿನಲ್ಲೂ ಕಿಡಿ ಹಾರುತ್ತದೆ.

ಹಾಗಾದರೆ ತಂದು ಜೋಡಿಸಿದರಾಯಿತೇ? ಇಲ್ಲ. ಮೂರು ಪ್ರಶ್ನೆಗಳಿಗೆ ಉತ್ತರ ಬೇಕು.

ಮೊದಲನೆಯದು, ವಿದ್ಯುತ್ತು ಎಲ್ಲಿಂದ? ಕೆಲವು ಸಿ.ಡಿ.ಐ.ಗಳು ತಿರುಗುಚಕ್ರದ ಬಳಿಯ ವಿಶೇಷ ಸುರುಳಿಯಿಂದ ವಿದ್ಯುತ್ತು ಪಡೆಯುತ್ತವೆ. ಹಳೆಯ ಮೋಟಾರಿನಲ್ಲಿ ಆ ಸುರುಳಿಯೇ ಇರುವುದಿಲ್ಲ. ಇನ್ನು ಕೆಲವಕ್ಕೆ 12 ವೋಲ್ಟ್ ಬ್ಯಾಟರಿ ಸಾಕು. ಆದರೆ 7 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಒಂದು ಆಂಪಿಯರ್ ಎಳೆದರೆ ಲೆಕ್ಕದ ಪ್ರಕಾರವೇ ಏಳು ಗಂಟೆ. ಮೋಟಾರಿನಲ್ಲಿ ಚಾರ್ಜು ಮಾಡುವ ವ್ಯವಸ್ಥೆ ಇಲ್ಲದಿದ್ದರೆ, ಮೊದಲು ಹಗ್ಗ ಎಳೆದರೆ ಸಾಕಾಗುತ್ತಿದ್ದ ಮೋಟಾರು ಈಗ ಬ್ಯಾಟರಿ ಮುಗಿದಲ್ಲಿ ನಿಂತುಬಿಡುತ್ತದೆ.

ಎರಡನೆಯದು, ಕ್ಷಣವನ್ನು ಹೇಳುವವರು ಯಾರು? 5,000 ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ ಹಿಡಿಯುವುದು ಸೆಕೆಂಡಿನ ಸಾವಿರದ ಹನ್ನೆರಡು ಭಾಗ. 18 ಸೆಂಟಿಮೀಟರ್ ವ್ಯಾಸದ ಚಕ್ರದ ಅಂಚಿನಲ್ಲಿ ಒಂದು ಡಿಗ್ರಿ ಎಂದರೆ ಸುಮಾರು ಒಂದೂವರೆ ಮಿಲಿಮೀಟರ್. ಸಂಕೇತ ಕೊಡುವ ಸುರುಳಿಯನ್ನು 8 ಮಿಲಿಮೀಟರ್ ಆಚೀಚೆ ಕೂರಿಸಿದರೆ ಕಿಡಿ ಐದು ಡಿಗ್ರಿ ತಪ್ಪುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಅನೇಕ ದೋಣಿ ಮೋಟಾರುಗಳಲ್ಲಿ ವೇಗ ಹೆಚ್ಚಿಸಿದಂತೆ ಪಾಯಿಂಟಿನ ತಟ್ಟೆಯೇ ಸರಿದು ಕಿಡಿಯನ್ನು ಮುಂಚಿತವಾಗಿಸುತ್ತದೆ. ಬೈಕಿನ ಪೆಟ್ಟಿಗೆಗಳಲ್ಲಿ ಹಲವು ಅದೇ ಕೆಲಸವನ್ನು ತಾವೇ ಮಾಡುತ್ತವೆ. ಎರಡೂ ಕೂಡಿದರೆ ಕಿಡಿ ಅತಿ ಬೇಗ ಹಾರಿ ಎಂಜಿನ್ನು ಬಡಿದುಕೊಳ್ಳುತ್ತದೆ, ಪಿಸ್ಟನ್ ತೂತಾಗಲೂಬಹುದು.

ಮೂರನೆಯದು, ನೀರು ಮತ್ತು ಪೆಟ್ರೋಲ್ ಆವಿ. ಬೈಕಿನ ಭಾಗ ಮಳೆಯನ್ನು ತಡೆದೀತು. ಸದಾ ಎರಚುವ ನೀರನ್ನು ತಡೆಯಲೆಂದು ಮಾಡಿದ್ದಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಶೇಖರವಾಗುತ್ತದೆ. ಸಡಿಲ ತಂತಿಯ ದಾರಿತಪ್ಪಿದ ಕಿಡಿ ದೋಣಿಗೇ ಬೆಂಕಿ ಹಚ್ಚಬಲ್ಲದು.

ಮೂರಕ್ಕೂ ತೃಪ್ತಿಕರ ಉತ್ತರವಿದ್ದರೆ ಬದಲಾವಣೆ ಸಾಧ್ಯ. ಸಮಯವನ್ನು ಟೈಮಿಂಗ್ ದೀಪದಿಂದ ಪರೀಕ್ಷಿಸಿ, ನೀರು ತುಂಬಿದ ಪೀಪಾಯಿಯಲ್ಲಿ ಗಂಟೆಗಟ್ಟಲೆ ಓಡಿಸಿ ನೋಡಿದ ಮೇಲಷ್ಟೇ ಹೊಳೆಗಿಳಿಯಬೇಕು. ಜನರನ್ನು ದಾಟಿಸುವ ದೋಣಿಗಾದರೆ ತಯಾರಕರು ಒಪ್ಪಿದ ಭಾಗವೇ ಇರಲಿ, ಹುಟ್ಟುಗೋಲೂ ಜೊತೆಗಿರಲಿ.

ಕುತೂಹಲವಿರುವ ವಿದ್ಯಾರ್ಥಿಗಳು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುವ ಹಳೆಯ ಮೊಪೆಡ್ಡಿನ ತಿರುಗುಚಕ್ರವನ್ನು ಶಾಲೆಗೆ ತಂದು, ಶಿಕ್ಷಕರ ಎದುರಿನಲ್ಲೇ ಬಿಚ್ಚಿ ನೋಡಬಹುದು. ಅಯಸ್ಕಾಂತ, ಸುರುಳಿ, ಪಾಯಿಂಟ್ ಮೂರನ್ನೂ ಗುರುತಿಸಿ ಚಿತ್ರ ಬರೆದರೆ, ಫ್ಯಾರಡೆಯ ನಿಯಮ ಬಾಯಿಪಾಠಕ್ಕಿಂತ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ.