ತಿಪ್ಪೆ ಸರಿಸಲು ಹಣ ಕೊಟ್ಟ ನಗರ

ನಿಮ್ಮ ಮನೆಯ ತಿಪ್ಪೆ ಎಲ್ಲಿದೆ? ಕೊಟ್ಟಿಗೆಯ ಹಿಂದೆ ಇರಬಹುದು, ರಸ್ತೆಯ ಅಂಚಿನಲ್ಲಿರಬಹುದು, ಹಳ್ಳದ ದಂಡೆಯಲ್ಲೂ ಇರಬಹುದು. ಬೆಳಗಿನ ಹಾಲು ಕರೆಯುವ ಮುಂಚೆಯೇ ಮಂಕರಿಯಲ್ಲಿ ಸಗಣಿ ಹೊತ್ತು ಅಲ್ಲಿಗೆ ಹಾಕಿ ಬರುವವರು ನೀವೇ ಆದ್ದರಿಂದ ಈ ಪ್ರಶ್ನೆಯನ್ನು ಮನೆಯ ಯಜಮಾನರಿಗೆ ಕೇಳದೆ ನಿಮಗೇ ಕೇಳುತ್ತಿದ್ದೇವೆ. ಮುಂಗಾರಿನ ಮೊದಲ ಜೋರು ಮಳೆಗೆ ಆ ತಿಪ್ಪೆಯ ಸಾರ ಕರಗಿ ಎಲ್ಲಿಗೆ ಹರಿಯುತ್ತದೆ ಎಂಬುದನ್ನೂ ನೀವು ನೋಡಿರುತ್ತೀರಿ. ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಹೊಲಕ್ಕೆ ಸೇರಬೇಕಾದ ಸತ್ವ ಕೆರೆಗೆ ಸೇರಿ, ಕೆರೆಯ ನೀರು ಹಸಿರಾಗಿ ಪಾಚಿ ಕಟ್ಟುತ್ತದೆ.

"ತಿಪ್ಪೆ ತೆಗೆಯಿರಿ" ಎಂದು ಹೇಳುವವರು ಬಹಳ ಜನ. ತೆಗೆದು ಎಲ್ಲಿ ಹಾಕಬೇಕು, ಯಾರ ಖರ್ಚಿನಲ್ಲಿ ಎಂದು ಹೇಳುವವರು ಕಡಿಮೆ. ಇದೇ ಮಾತಿನ ಮೇಲೆ ಸುಮಾರು 35 ವರ್ಷಗಳ ಹಿಂದೆ ಅಮೆರಿಕದಲ್ಲಿ ಒಂದು ದೊಡ್ಡ ಜಗಳ ನಡೆಯಿತು. ಒಂದು ಕಡೆ ನ್ಯೂಯಾರ್ಕ್ ನಗರಾಡಳಿತ, ಇನ್ನೊಂದು ಕಡೆ ಬೆಟ್ಟದ ಸೀಮೆಯ ಹೈನುಗಾರರು. ಆ ಜಗಳ ಮುಗಿದ ರೀತಿಯನ್ನು ನಮ್ಮ ಸಂಘಗಳ ಸದಸ್ಯೆಯರು ತಿಳಿದಿರಬೇಕು ಎಂದು ಈ ಲೇಖನ.

ನ್ಯೂಯಾರ್ಕ್ ನಗರಕ್ಕೆ ಬರುವ ನೀರಿನಲ್ಲಿ ಶೇ. 90ರಷ್ಟು ನಗರದ ವಾಯವ್ಯಕ್ಕಿರುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯಿಂದ ಬರುತ್ತದೆ. ಕೆಲವು ಜಲಾಶಯಗಳು 200 ಕಿ.ಮೀ. ದೂರದಲ್ಲಿವೆ. ದಿನಕ್ಕೆ ಸುಮಾರು 380 ಕೋಟಿ ಲೀಟರ್ ನೀರು, ಹೆಚ್ಚಿನ ಪಾಲು ಪಂಪಿನ ಹಂಗಿಲ್ಲದೆ ಇಳಿಜಾರಿನಲ್ಲೇ ಹರಿದು ಬರುತ್ತದೆ. ಈ ಜಲಾಶಯಗಳನ್ನು ಕಟ್ಟುವಾಗ ಅಲ್ಲಿನ ಹಳ್ಳಿಗಳು, ಕಣಿವೆಯ ಒಳ್ಳೆಯ ಹೊಲಗಳು ಮುಳುಗಿದವು. ಲಿಂಗನಮಕ್ಕಿ, ಆಲಮಟ್ಟಿ ಹಿನ್ನೀರಿನ ಕಡೆಯವರಿಗೆ ಆ ನೋವನ್ನು ವಿವರಿಸಿ ಹೇಳಬೇಕಿಲ್ಲ. ಉಳಿದ ಜಮೀನಿನಲ್ಲಿ ಜನ ಹಸು ಸಾಕಿ ಬದುಕುತ್ತಿದ್ದರು. ನಗರದ ಮೇಲಿನ ಸಿಟ್ಟು ಮಾತ್ರ ಅವರ ಮನಸ್ಸಿನಲ್ಲಿ ಹಾಗೇ ಇತ್ತು.

1989ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತು. ನದಿ, ಕೆರೆ, ಜಲಾಶಯದ ನೀರನ್ನು ಕುಡಿಯಲು ಕೊಡುವ ನಗರಗಳು ಅದನ್ನು ಶೋಧಿಸಿಯೇ ಕೊಡಬೇಕು. ಮೂಲದಲ್ಲೇ ನೀರು ಶುದ್ಧವಾಗಿರುತ್ತದೆ ಎಂದು ತೋರಿಸಿಕೊಟ್ಟವರಿಗೆ ಮಾತ್ರ ವಿನಾಯಿತಿ. ಅಷ್ಟು ನೀರು ಶೋಧಿಸುವ ಘಟಕ ಕಟ್ಟಲು ನ್ಯೂಯಾರ್ಕಿಗೆ 600ರಿಂದ 800 ಕೋಟಿ ಡಾಲರ್ ಬೇಕಾಗಬಹುದು ಎಂಬ ಅಂದಾಜು ಬಂತು. ಅದನ್ನು ನಡೆಸಲು ವರ್ಷವರ್ಷವೂ ಮತ್ತಷ್ಟು ಹಣ ಬೇಕು. ನಗರ ಗಾಬರಿಯಾಯಿತು. 1990ರಲ್ಲಿ ಬೆಟ್ಟದ ಕಡೆಯ ಜಮೀನುಗಳಿಗೆ ಬಿಗಿಯಾದ ಕಟ್ಟುಪಾಡುಗಳ ಕರಡು ಹೊರಡಿಸಿತು. ಹಳ್ಳದ ಹತ್ತಿರ ಅದು ಮಾಡಬಾರದು, ಇದು ಮಾಡಬಾರದು ಎಂಬ ಪಟ್ಟಿ ಅದು.

ಹೈನುಗಾರರು ತಿರುಗಿಬಿದ್ದರು. ಹಳ್ಳವಿಲ್ಲದ ಹೊಲವೇ ಆ ಬೆಟ್ಟಗಳಲ್ಲಿ ಅಪರೂಪ. ಕರಡಿನಂತೆ ನಡೆದರೆ ಹಸು ಮಾರಿ ಮನೆಗೆ ಹೋಗಬೇಕಿತ್ತು. ಹಸು ಸಾಕುವವರು ಬಿಟ್ಟುಹೋದ ಜಮೀನು ಏನಾಗುತ್ತದೆ? ನಮ್ಮ ದೊಡ್ಡ ಊರುಗಳ ಸುತ್ತ ಆದದ್ದೇ ಅಲ್ಲಿಯೂ ಆಗುತ್ತದೆ. ಸೈಟು, ಮನೆ, ರಸ್ತೆ, ಮೋರಿ. ಹಸುವಿನ ಸಗಣಿಗಿಂತ ಅದು ನೀರಿಗೆ ಹೆಚ್ಚು ಕೆಡುಕು. ಆಗ ನಗರದ ಪರಿಸರ ಇಲಾಖೆಯ ಮುಖ್ಯಸ್ಥರಾಗಿದ್ದ ಆಲ್ಬರ್ಟ್ ಆಪಲ್‌ಟನ್ ಅವರಿಗೆ ಈ ಲೆಕ್ಕ ಅರ್ಥವಾಯಿತು. ಹೊಲ ಹೊಲವಾಗಿಯೇ ಉಳಿದರೆ ನಗರಕ್ಕೇ ಲಾಭ. ಹಾಗಾದರೆ ಉಳಿಸುವ ಖರ್ಚನ್ನು ರೈತರ ತಲೆಗೆ ಕಟ್ಟುವುದು ಯಾವ ನ್ಯಾಯ?

ರಾಜ್ಯದ ಕೃಷಿ ಇಲಾಖೆ ನಡುವೆ ನಿಂತು ಮಾತುಕತೆ ನಡೆಸಿತು. ತಿಂಗಳುಗಟ್ಟಲೆ ಚರ್ಚೆಯಾಗಿ 1991ರ ಕೊನೆಗೆ ಒಂದು ಒಪ್ಪಂದ ಮೂಡಿತು. ರೈತರು ಇಟ್ಟ ಷರತ್ತುಗಳನ್ನು ಗಮನಿಸಿ. ಸೇರುವುದು ಬಿಡುವುದು ಆಯಾ ರೈತ ಕುಟುಂಬದ ಇಷ್ಟ. ಜಮೀನಿಗೆ ಯೋಜನೆ ಬರೆಯುವ ಖರ್ಚು, ಅದರಂತೆ ಕಟ್ಟುವ ಖರ್ಚು ಎರಡನ್ನೂ ನಗರವೇ ಕೊಡಬೇಕು. ಕಾರ್ಯಕ್ರಮವನ್ನು ನಗರದ ಅಧಿಕಾರಿಗಳು ನಡೆಸಕೂಡದು, ರೈತರೇ ಹೆಚ್ಚಿರುವ ಮಂಡಳಿ ನಡೆಸಬೇಕು. ನಗರ ಒಪ್ಪಿತು, ಒಂದು ಮರುಷರತ್ತು ಹಾಕಿತು: 5 ವರ್ಷದೊಳಗೆ ಶೇ. 85ರಷ್ಟು ರೈತರು ಸೇರಲೇಬೇಕು. ಒಬ್ಬರು ಇಬ್ಬರು ಸೇರಿದರೆ ನೀರು ಶುದ್ಧವಾಗುವುದಿಲ್ಲವಲ್ಲ. ಮೇಲಿನ ಹೊಲದವರು ಬೇಲಿ ಹಾಕಿ, ಕೆಳಗಿನ ಹೊಲದವರು ದನ ಹಳ್ಳಕ್ಕೆ ಬಿಟ್ಟರೆ ಏನು ಬಂತು? ರೈತರ ಮಂಡಳಿ ಶುರುವಾಯಿತು. ಐದು ವರ್ಷದ ಗಡುವಿನೊಳಗೆ ಸೇರಿದವರು ಶೇ. 90 ದಾಟಿದರು.

ಹಣದಲ್ಲಿ ಏನೇನು ಕಟ್ಟಿದರು? ಮಳೆನೀರು ಹೊಗದಂತೆ ಗೊಬ್ಬರದ ಗುಂಡಿ. ಕೊಟ್ಟಿಗೆಯ ಅಂಗಳಕ್ಕೆ ಕಾಂಕ್ರೀಟು. ಹಳ್ಳದ ಉದ್ದಕ್ಕೂ ಬೇಲಿ. ಬೇಲಿ ಹಾಕಿದ ಮೇಲೆ ದನಕ್ಕೆ ನೀರು ಬೇಕಲ್ಲ, ಅದಕ್ಕೆ ಮೇಲೆ ತೊಟ್ಟಿ, ಹಳ್ಳ ದಾಟಲು ಸಣ್ಣ ಸೇತುವೆ. ಯಾವ ಹೊಲಕ್ಕೆ ಯಾವ ಕಾಲದಲ್ಲಿ ಗೊಬ್ಬರ ಚೆಲ್ಲಿದರೆ ಹಳ್ಳಕ್ಕೆ ಹೋಗುವುದಿಲ್ಲ ಎಂಬ ನಕ್ಷೆಯನ್ನೂ ಕೈಗೆ ಕೊಟ್ಟರು.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಕರುವಿನ ಮನೆ. ನೀರಿನ ತಜ್ಞರಿಗೆ ದೊಡ್ಡ ಹಸುವಿಗಿಂತ ಎಳೆಗರುವಿನ ಭಯ ಹೆಚ್ಚು. ಕ್ರಿಪ್ಟೋಸ್ಪೊರಿಡಿಯಮ್ ಎಂಬ ಸೂಕ್ಷ್ಮಜೀವಿ ಹುಟ್ಟಿದ ಮೊದಲ ಕೆಲವು ವಾರಗಳ ಕರುಗಳಲ್ಲಿ ಭೇದಿ ತರುತ್ತದೆ, ಸಗಣಿಯಲ್ಲಿ ಕೋಟಿಗಟ್ಟಲೆ ಹೊರಬೀಳುತ್ತದೆ, ಕ್ಲೋರಿನ್ ಹಾಕಿದರೂ ಸುಲಭಕ್ಕೆ ಸಾಯುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದ ಕುಡಿಯುವ ನೀರಿಗೆ ಇದು ಸೇರಿ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು. ಅದಕ್ಕೇ ಕ್ಯಾಟ್‌ಸ್ಕಿಲ್ ಕಡೆ ನಗರದ ದುಡ್ಡಿನಲ್ಲಿ ಕರುಗಳಿಗೆ ಬೆಳಕು, ಗಾಳಿ ಇರುವ, ನೆಲ ಒಣಗಿರುವ ಪ್ರತ್ಯೇಕ ಮನೆಗಳು ಎದ್ದವು. ನಗರಕ್ಕೆ ಬೇಕಿದ್ದದ್ದು ಶುದ್ಧ ನೀರು, ರೈತರಿಗೆ ಸಿಕ್ಕಿದ್ದು ಭೇದಿಯಿಲ್ಲದ ಕರು. ನಿಮ್ಮ ಮನೆಯಲ್ಲೂ ಎಳೆಗರುವನ್ನು ಒದ್ದೆ ನೆಲದಲ್ಲಿ ಕಟ್ಟಬೇಡಿ. ಭೇದಿ ಮಾಡುವ ಕರುವನ್ನು ಬೇರೆ ಕಟ್ಟಿ, ಅದರ ಸಗಣಿ ಬಳಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮನೆಯ ಮಕ್ಕಳಿಗೂ ಈ ರೋಗ ಅಂಟುತ್ತದೆ.

1998ರಿಂದ ಇನ್ನೊಂದು ಬಗೆಯ ಪ್ರೋತ್ಸಾಹ ಸೇರಿತು. ಹಳ್ಳದ ಎರಡೂ ದಂಡೆಯಲ್ಲಿ ಒಂದು ಪಟ್ಟಿ ಜಮೀನನ್ನು ಬೇಸಾಯದಿಂದ ಬಿಟ್ಟು ಮರ ಗಿಡ ಬೆಳೆಸಿದರೆ 10ರಿಂದ 15 ವರ್ಷ ಅದಕ್ಕೆ ಕೇಂದ್ರದಿಂದ ವರ್ಷಾವರಿ ಬಾಡಿಗೆ. ಬೇಲಿ, ಗಿಡದ ಖರ್ಚಿಗೆ ನಗರದ ಪಾಲು. ಆಮೇಲೆ, ಜಮೀನಿನಲ್ಲಿ ಬಡಾವಣೆ ಮಾಡುವ ಹಕ್ಕನ್ನು ಮಾತ್ರ ಕೊಳ್ಳುವ ಕಾರ್ಯಕ್ರಮವೂ ಬಂತು. ಜಮೀನು ರೈತರದೇ, ಉಳುವುದು, ಮಾರುವುದು, ಮಕ್ಕಳಿಗೆ ಕೊಡುವುದು ಎಲ್ಲ ಅವರ ಇಷ್ಟ. ಸೈಟು ಮಾಡುವ ಹಕ್ಕು ಮಾತ್ರ ಶಾಶ್ವತವಾಗಿ ಹೋಯಿತು, ಅದಕ್ಕೆ ಬೆಲೆ ಬಂತು. ನಮ್ಮಲ್ಲಿ ಇಂಥದ್ದು ಇಲ್ಲ. ಬಂದರೆ ಶಾಶ್ವತ ಎಂಬ ಪದದ ಮುಂದೆ ಸಹಿ ಹಾಕುವ ಮುಂಚೆ ಹೆಣ್ಣುಮಕ್ಕಳ ಪಾಲಿನ ಬಗ್ಗೆಯೂ ಯೋಚಿಸಬೇಕಾಗುತ್ತದೆ ಎಂದು ನಮ್ಮ ಅನಿಸಿಕೆ.

ಶೋಧನಾ ಘಟಕ ಕಟ್ಟುವ ಪ್ರಮೇಯ ಆ ಬೆಟ್ಟದ ನೀರಿಗೆ ಬರಲಿಲ್ಲ. 2017ರಲ್ಲಿ ಮತ್ತೆ 10 ವರ್ಷಕ್ಕೆ ವಿನಾಯಿತಿ ಸಿಕ್ಕಿತು. ಆದರೆ ಕಥೆ ಪೂರ್ತಿ ಸಿಹಿಯಲ್ಲ. ಹಾಲಿನ ಬೆಲೆ ಕುಸಿದು ಆ ಸೀಮೆಯ ಎಷ್ಟೋ ಡೇರಿಗಳು ಮುಚ್ಚಿದವು. ಗೊಬ್ಬರದ ಗುಂಡಿಗೆ ಹಣ ಕೊಟ್ಟ ನಗರ ಹಾಲಿನ ಬೆಲೆ ನಿಲ್ಲಿಸಲು ಆಗಲಿಲ್ಲ. ಜಮೀನು ಉಳಿಸುವ ಪ್ರೋತ್ಸಾಹಧನ ಹೈನುಗಾರಿಕೆ ಲಾಭದಲ್ಲಿದ್ದಾಗ ಮಾತ್ರ ಫಲ ಕೊಡುತ್ತದೆ.

ಈಗ ನಮ್ಮೂರಿಗೆ ಬನ್ನಿ. ನಿಮ್ಮ ಬಳಿ ಎರಡು ಹಸು, ಒಂದು ಎಕರೆ ಇರಬಹುದು. ನಿಮ್ಮ ಕೆರೆಯ ನೀರಿಗೆ ಕಾಯುತ್ತ ಕೂತ ಶ್ರೀಮಂತ ನಗರ ಯಾವುದೂ ಇಲ್ಲ. ಇರುವುದು ಗ್ರಾಮ ಪಂಚಾಯತಿ. ಹಾಲಿಗೆ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುವುದು ನಿಮಗೆ ಗೊತ್ತು, ತಡವಾದರೆ ಸಂಘದ ಕಾರ್ಯದರ್ಶಿಯನ್ನು ಕೇಳುತ್ತೀರಿ. ಮಣ್ಣು, ನೀರು ಕಾಯುವ ಕೆಲಸಕ್ಕೂ ಪಂಚಾಯತಿಯ ಮೂಲಕ ಹಣ ಬರುತ್ತಿತ್ತು ಎಂದು ಅಷ್ಟೇ ಜೋರಾಗಿ ಕೇಳಿದವರು ಕಡಿಮೆ. ಉದ್ಯೋಗ ಖಾತ್ರಿಯಲ್ಲಿ ಇಷ್ಟು ವರ್ಷ ಸಣ್ಣ, ಅತಿಸಣ್ಣ ರೈತರ ಸ್ವಂತ ಜಮೀನಿನಲ್ಲೇ ಬದು, ಕೃಷಿಹೊಂಡ, ದನದ ಕೊಟ್ಟಿಗೆ, ಎರೆಗೊಬ್ಬರದ ತೊಟ್ಟಿ ಮಾಡಿಕೊಳ್ಳಲು ಅವಕಾಶವಿತ್ತು. ಯೋಜನೆಯ ಹೆಸರು, ನಿಯಮ ಆಗಾಗ ಬದಲಾಗುತ್ತವೆ, ಈಗ ಯಾವುದು ಜಾರಿಯಲ್ಲಿದೆ ಎಂದು ನಿಮ್ಮ ಪಿಡಿಒ ಅವರನ್ನೇ ಕೇಳಿ.

ಒಬ್ಬರೇ ಹೋಗಬೇಡಿ. ಕ್ಯಾಟ್‌ಸ್ಕಿಲ್ ರೈತರಿಗೆ ಹೊಸದಾಗಿ ಮಂಡಳಿ ಕಟ್ಟಬೇಕಾಯಿತು. ನಿಮಗೆ ಹಾಲಿನ ಸಂಘ ಆಗಲೇ ಇದೆ, ದಿನಕ್ಕೆ ಎರಡು ಹೊತ್ತು ಒಂದೇ ಸಾಲಿನಲ್ಲಿ ನಿಲ್ಲುತ್ತೀರಿ. ಒಂದೇ ಹಳ್ಳಕ್ಕೆ ಸೇರುವ ಮನೆಗಳವರು ಒಂದು ಸಂಜೆ ಹಾಲು ಹಾಕಿದ ಮೇಲೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಯಾರ ತಿಪ್ಪೆ ಎಲ್ಲಿದೆ, ಬಾವಿ ಬೋರ್‌ವೆಲ್ ಎಲ್ಲಿವೆ, ಮಳೆನೀರು ಯಾವ ಕಡೆ ಹರಿಯುತ್ತದೆ, ಯಾರ ಹೊಲದ ಬದು ಒಡೆದಿದೆ, ಹಳ್ಳದ ದಂಡೆಯಲ್ಲಿ ಮೇವಿನ ಹುಲ್ಲು, ಅಗಸೆ, ಗ್ಲಿರಿಸಿಡಿಯಾ ಹಾಕಲು ಯಾರಿಗೆ ಜಾಗವಿದೆ. ಹುಲ್ಲಿನ ಪಟ್ಟಿ ಮಣ್ಣನ್ನೂ ತಡೆಯುತ್ತದೆ, ಹಸುವಿಗೂ ಆಗುತ್ತದೆ.

ಆ ಹಾಳೆಯನ್ನು ಮೊದಲು ವಾರ್ಡ್ ಸಭೆಗೆ, ಆಮೇಲೆ ಗ್ರಾಮಸಭೆಗೆ ಒಯ್ಯಿರಿ. ಕಾಮಗಾರಿ ಪಟ್ಟಿ ತಯಾರಾಗುವ ಸಭೆ ಯಾವಾಗ ಎಂದು ಮುಂಚೆಯೇ ವಿಚಾರಿಸಿ. ಪಟ್ಟಿ ಮುಗಿದ ಮೇಲೆ ಹೋದರೆ ಒಂದು ವರ್ಷ ಕಾಯಬೇಕಾಗುತ್ತದೆ. ಪಂಚಾಯತಿಯ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೇ ಮೀಸಲು, ನಿಮ್ಮ ಸದಸ್ಯೆಯೂ ಬಹುಶಃ ನಿಮ್ಮ ಡೇರಿಗೇ ಹಾಲು ಹಾಕುವವರು. ಹಾಳೆಯನ್ನು ಅವರಿಗೆ ಹಿಂದಿನ ದಿನವೇ ತೋರಿಸಿ. ಸಭೆಯಲ್ಲಿ ನಿಮ್ಮ ಬೇಡಿಕೆ ನಡಾವಳಿ ಪುಸ್ತಕದಲ್ಲಿ ಮನೆಮನೆಯ ಹೆಸರು, ಸರ್ವೆ ನಂಬರಿನ ಸಮೇತ ಬರೆಸಿ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆ ಸಹಿ ಹಾಕಿ.